ಪರೀಕ್ಷೆಗೆಂದು ಬರೆದ ಸಾಲುಗಳು

ಆ ಸಾಲನ್ನು ಬರೆದವಳು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬರೆಯುತ್ತ ಹೋದಂತೆ ನನಗೇ ಅನುಮಾನ ಹುಟ್ಟುವುದುಂಟು. ಬಹಳ ವರ್ಷಗಳಿಂದ ದಿನಚರಿ ಇಟ್ಟಿದ್ದೇನೆ. ನೆನಪಿನ ಮೇಲೆ ಭರವಸೆ ಇಲ್ಲದ್ದರಿಂದಲೇ ಆ ಅಭ್ಯಾಸ ಹತ್ತಿದ್ದು. ಆದರೆ ಆ ವಾರಗಳ ಪುಟಗಳಲ್ಲಿ ಇರುವುದು ಮಗಳ ಆನ್‌ಲೈನ್ ಕ್ಲಾಸಿನ ಗೋಳು, ಕರಿಬೇವು ಸಿಗದ ಸಂಕಟ, ಮೇಲಿನ ಮನೆಯವರನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದ ಸುದ್ದಿ. ನನಗೆ ಬೇಕಾದ ಒಂದು ಸಂಗತಿ ಮಾತ್ರ ಇಲ್ಲ. ಮುಂದೆ ಅದು ಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಾವಿದ್ದದ್ದು ಪರದೇಶದ ಪುಟ್ಟ ಊರಾದ ನಿಲಾಯ್‌ನಲ್ಲಿ. ನನ್ನ ಗಂಡ ಅಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತಿದ್ದರು. ನಾನು ಪೆಟಾಲಿಂಗ್ ಜಯಾದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಪಾರ್ಸೆಲ್‌ಗಳ ಮೇಲೆ ಅಂಟಿಸುವ ವಿಳಾಸದ ಚೀಟಿಗಳನ್ನು ಸಿದ್ಧಪಡಿಸುವುದು ನಮ್ಮ ಪ್ರೋಗ್ರಾಂಗಳ ಕೆಲಸ. ಲಾಕ್‌ಡೌನ್ ಬಂದ ಮೇಲೆ ದೇಶಕ್ಕೆ ದೇಶವೇ ಮನೆಯಲ್ಲಿ ಕೂತು ಸಾಮಾನು ತರಿಸತೊಡಗಿತು. ಉಳಿದವರಿಗೆ ಕೆಲಸ ಕಡಿಮೆಯಾದ ಹೊತ್ತಿನಲ್ಲಿ ನಮಗೆ ಹೆಚ್ಚಾಯಿತು. ರೈಲು ಹತ್ತುವುದು ತಪ್ಪಿ ಮಲಗುವ ಕೋಣೆಯ ಮೂಲೆಯೇ ಆಫೀಸಾಯಿತು.

ಲಾಕ್‌ಡೌನಿಗೆ ಸ್ವಲ್ಪ ಮುಂಚೆ ಧಾರವಾಡದ ಹುಡುಗಿಯೊಬ್ಬಳು ನಮ್ಮ ತಂಡಕ್ಕೆ ಸೇರಿದ್ದಳು. ನನಗಿಂತ ಚಿಕ್ಕವಳು. ಪೆಟಾಲಿಂಗ್ ಜಯಾದಲ್ಲೇ ಎಲ್‌ಆರ್‌ಟಿ ರೈಲು ಸ್ಟೇಷನ್ನಿನ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಮೊದಲ ದಿನವೇ ನನ್ನ ಹೆಸರು ಬಿಟ್ಟು "ಅಕ್ಕಾ" ಎಂದು ಕರೆದಳು; ನನ್ನ ಗಂಡ ಅವಳ ಬಾಯಲ್ಲಿ ಮಾಮಾ ಆದರು. ಇಡೀ ಆಫೀಸಿನಲ್ಲಿ ಕನ್ನಡದವರು ನಾವಿಬ್ಬರೇ. ಮನೆಯಿಂದ ಕೆಲಸ ಶುರುವಾದ ಮೇಲೆ ನಮ್ಮಿಬ್ಬರ ನಡುವೆ ವೀಡಿಯೊ ಕರೆ ಬೆಳಿಗ್ಗೆಯಿಂದ ಸಂಜೆಯವರೆಗೆ ತೆರೆದೇ ಇರುತ್ತಿತ್ತು. ಮಾತಾಡುತ್ತಲೇ ಇದ್ದೆವೆಂದಲ್ಲ. ಅವಳ ಕಡೆ ಫ್ಯಾನಿನ ಸದ್ದು, ನನ್ನ ಕಡೆ ಕುಕ್ಕರಿನ ಸೀಟಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತಿತ್ತು.

"ಅಕ್ಕಾ, ಇವತ್ತೇನ ಸಾರು?"

"ಬಸ್ಸಾರು ಕಣೇ."

"ಅಯ್ಯ, ನಾ ಇಲ್ಲಿ ಮಾಮಕ್ ಹೋಟ್ಲಿಂದ ರೊಟ್ಟಿ ಚನಾಯ್ ಕಟ್ಟಿಸ್ಕೊಂಡ ಬಂದೀನಿ. ಅದಕ್ಕ ರೊಟ್ಟಿ ಅಂತ ಹೆಸರ ಇಟ್ಟಾಂವ ಒಮ್ಮೆ ಧಾರವಾಡಕ್ಕ ಬರ್ಬೇಕು."

ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ಹಾಗಿರಲಿಲ್ಲ. ಹಾಗಾಗಿ ಒಮ್ಮೆ ಅವಳಿಗೆ ಚಟ್ನಿಪುಡಿ ಪಾರ್ಸೆಲ್ ಮಾಡಿದೆ. ತಮಾಷೆಗೆ ಅವಳ ಹೆಸರನ್ನು ಕನ್ನಡದಲ್ಲಿ ತುಂಬಿಸಿ, ವಿಳಾಸ ಇಂಗ್ಲಿಷಿನಲ್ಲೇ ಬಿಟ್ಟಿದ್ದೆ. ಪಾರ್ಸೆಲ್ ತಲುಪಿದ ದಿನ ಅವಳು ಚೀಟಿಯನ್ನು ಕ್ಯಾಮೆರಾದ ಮುಂದೆ ಹಿಡಿದು ನಗುತ್ತಿದ್ದಳು. ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು.

"ಅಕ್ಕಾ, ಯಾರೋ ಪ್ರಶ್ನವ್ವ ಅನ್ನಾಕಿಗೆ ಚಟ್ನಿಪುಡಿ ಬಂದೈತಿ. ನಾ ತಿನ್ನಲೋ ಬ್ಯಾಡೋ?"

ಅದೇ ವಾರ ಗಿರಾಕಿಗಳ ದೂರುಗಳೂ ಬರತೊಡಗಿದ್ದವು. ಚೀನೀ ಹೆಸರು, ತಮಿಳು ಹೆಸರು, ಎಲ್ಲ ಹೀಗೆಯೇ ಮುದ್ರಣವಾಗುತ್ತಿದ್ದವು. ನಮ್ಮ ಮ್ಯಾನೇಜರ್ ಇಲ್ಲಿಯವರೇ, ಸೌಮ್ಯ ಸ್ವಭಾವದವರು, ಆದರೆ ಮೀಟಿಂಗಿನಲ್ಲಿ ಒಂದೇ ಮಾತನ್ನು ಹತ್ತು ಸಲ ಹೇಳುವವರು. ದೋಷ ಹುಡುಕುವ ಕೆಲಸವನ್ನು ಅವರು ನಮ್ಮಿಬ್ಬರಿಗೆ ಒಪ್ಪಿಸಿದರು.

ವಿಚಿತ್ರವೆಂದರೆ, ನಾವು ಪ್ರೋಗ್ರಾಂ ಓಡಿಸಿ ನೋಡಿದಾಗಲೆಲ್ಲ ಪರದೆಯ ಮೇಲೆ ಎಲ್ಲ ಸರಿಯಾಗಿಯೇ ಬರುತ್ತಿತ್ತು. ಕಾರಣ ತಿಳಿಯಲು ಕೆಲವು ದಿನ ಬೇಕಾಯಿತು. ನಮ್ಮಲ್ಲಿ ಎರಡು ಪ್ರೋಗ್ರಾಂಗಳು. ಮೊದಲನೆಯದು ವಿಳಾಸವನ್ನು ಓರಣ ಮಾಡಿ ಹೊರಗೆ ಬರೆಯುತ್ತದೆ, ಎರಡನೆಯದು ಅದನ್ನು ಓದಿಕೊಂಡು ಚೀಟಿ ಮಾಡುತ್ತದೆ. ಒಂದರ ಬಾಯಿಂದ ಇನ್ನೊಂದರ ಕಿವಿಗೆ ಹೋಗುವಾಗ ಅಕ್ಷರಗಳು ಅಕ್ಷರಗಳಾಗಿರುವುದಿಲ್ಲ, ಬರೀ ಸಂಖ್ಯೆಗಳಾಗಿರುತ್ತವೆ. ಯಾವ ಸಂಖ್ಯೆ ಯಾವ ಅಕ್ಷರ ಎಂಬುದರಲ್ಲಿ ಎರಡೂ ಕಡೆ ಒಂದೇ ಒಪ್ಪಂದವಿರಬೇಕು. ಪರದೆಗೆ ಬರೆಯುವಾಗ ಮೊದಲನೆಯ ಪ್ರೋಗ್ರಾಂ ಎಲ್ಲ ಭಾಷೆಯ ಅಕ್ಷರಗಳೂ ಇರುವ ಯೂನಿಕೋಡಿನಲ್ಲೇ ಬರೆಯುತ್ತಿತ್ತು. ಇನ್ನೊಂದು ಪ್ರೋಗ್ರಾಂಗೆ ಬರೆಯುವಾಗ ಮಾತ್ರ, ಯಾರೂ ಏನೂ ಹೇಳದೆ ಇದ್ದುದರಿಂದ, ಕಂಪ್ಯೂಟರಿನಲ್ಲಿ ಮೊದಲಿಂದ ಇದ್ದ ಹಳೆಯ ಸಂಕೇತಪಟ್ಟಿಯನ್ನು ಹಿಡಿಯುತ್ತಿತ್ತು. ಅದು ಯುರೋಪಿನ ಕೆಲವು ಭಾಷೆಗಳಿಗೆಂದು ಮಾಡಿದ ಪಟ್ಟಿ. ಅದರಲ್ಲಿ ಚೀನೀ ಇಲ್ಲ, ತಮಿಳಿಲ್ಲ, ಕನ್ನಡವಂತೂ ಇಲ್ಲವೇ ಇಲ್ಲ. ಪಟ್ಟಿಯಲ್ಲಿಲ್ಲದ ಅಕ್ಷರ ಬಂದರೆ ನಿಲ್ಲದೆ ಒಂದು ಪ್ರಶ್ನಾರ್ಥಕ ಹಾಕಿ ಮುಂದೆ ಹೋಗಲಿ ಎಂದು ಹಿಂದೆ ಯಾರೋ ಬರೆದಿಟ್ಟಿದ್ದರು. ನೋಡುವವರಿದ್ದಾಗ ಸರಿಯಾಗಿದ್ದು, ನೋಡುವವರಿಲ್ಲದಾಗ ಕೈಕೊಡುವ ಈ ಗುಣ ಆಗ ನಮಗೆ ಬರೀ ತಾಂತ್ರಿಕ ಸಂಗತಿಯಾಗಿ ಕಂಡಿತ್ತು.

ಇದನ್ನು ಹುಡುಕುವಾಗ ಪರೀಕ್ಷೆಗೆ ಏನಾದರೂ ಪಠ್ಯ ಬೇಕಿತ್ತು. ಚೀನೀ, ತಮಿಳು ನಮಗೆ ಬರೆಯಲು ಬಾರದು. ಸಹಜವಾಗಿ ಕನ್ನಡ ಬರೆದೆವು. ಮೊದಲಿಗೆ "ಇದು ಪರೀಕ್ಷೆ", "ಬೆಂಗಳೂರು, ಮೈಸೂರು, ಧಾರವಾಡ" ಎಂಬಂಥವು. ಕರೆಯ ಮೂಲಕವೇ ಅವಳ ಪರದೆಯನ್ನು ನಾನು, ನನ್ನ ಪರದೆಯನ್ನು ಅವಳು ಬಳಸಿ ಇಬ್ಬರೂ ಟೈಪು ಮಾಡುತ್ತಿದ್ದೆವು; ಯಾವ ಸಾಲು ಯಾರದೆಂಬ ಗುರುತು ಉಳಿಯುತ್ತಿರಲಿಲ್ಲ. ನಾವು ಹಾಕಿದ ಸಾಲುಗಳನ್ನು ಕಂಪ್ಯೂಟರು ಪ್ರತಿ ಸಲವೂ ಹೊಸದಾಗಿ ಓಡಿಸಿ, ಬಂದ ಫಲವನ್ನು ತಂಡದವರೆಲ್ಲ ನೋಡುವ ಒಂದು ಪುಟದಲ್ಲಿ ತೋರಿಸುತ್ತಿತ್ತು. ಆ ಪುಟದಲ್ಲಿ ನಮ್ಮ ಸಾಲುಗಳು ಬರೀ ಪ್ರಶ್ನಾರ್ಥಕಗಳ ಸಾಲು. ಅದು ಗೊತ್ತಾದ ಮೇಲೆ ನಮಗೆ ಧೈರ್ಯ ಬಂತು. ಪರೀಕ್ಷೆಯ ಸಾಲುಗಳಲ್ಲಿ ಹರಟೆ ಶುರುವಾಯಿತು. ಯಾರು ಮೀಟಿಂಗಿನಲ್ಲಿ ಪೈಜಾಮ ಹಾಕಿಕೊಂಡಿದ್ದರು, ಯಾರ ಬೆಕ್ಕು ಕೀಬೋರ್ಡಿನ ಮೇಲೆ ನಡೆಯಿತು, ಇಂಥದೆಲ್ಲ. ಇನ್ನೊಂದು ಆಟವೂ ಸೇರಿಕೊಂಡಿತು. ಅವಳು ನನ್ನ ಮೈಸೂರಿನ ಮಾತನ್ನು ಅಣಕಿಸಿ ಬರೆಯುವುದು, ನಾನು ಅವಳ ಧಾರವಾಡದ ಮಾತನ್ನು ಅಣಕಿಸಿ ಬರೆಯುವುದು. ನಾನು "ಏನ್ ಹೇಳ್ಲಿ ಯವ್ವಾ" ಎಂದು ಬರೆದರೆ ಅವಳು "ಸುಮ್ನಿರೇ, ಎಷ್ಟ್ ಚೆನ್ನಾಗಿದೆ ಕಣೇ" ಎಂದು ಬರೆಯುತ್ತಿದ್ದಳು. ಮನೆಯಲ್ಲಿ ಮಗಳು ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವವಳು. ನನಗೆ ಆ ದಿನಗಳಲ್ಲಿ ಕನ್ನಡ ಬರೆದು ಕನ್ನಡದಲ್ಲೇ ಮಾರುತ್ತರ ಸಿಗುತ್ತಿದ್ದ ಒಂದೇ ಜಾಗ ಅದು.

ಮ್ಯಾನೇಜರರ ತಾಯಿಗೆ ಆಗ ಕಾಯಿಲೆಯಾಗಿತ್ತು. ಏನು ಕಾಯಿಲೆ, ಎಷ್ಟು ಎಂದು ಅವರು ಹೇಳಿರಲಿಲ್ಲ. ಮೀಟಿಂಗಿನ ನಡುವೆ "ಸಾರಿ, ಅಮ್ಮನ ವಿಷಯ" ಎಂದು ಎದ್ದುಹೋಗುತ್ತಿದ್ದರು. ನಾವು ಕಾಯುತ್ತ ಕೂರುತ್ತಿದ್ದೆವು. ಅಂಥ ಒಂದು ದಿನ ಪರೀಕ್ಷೆಯ ಸಾಲುಗಳ ನಡುವೆ ಇದು ಬಂತು: "ಅಮ್ಮಂಗೆ ಹುಷಾರಿಲ್ಲ ಅನ್ನೋದು ಇವರಿಗೆ ಒಳ್ಳೇ ನೆಪ ಆಗೋಯ್ತು ಕಣೇ."

ಓದಿದ್ದು ನೆನಪಿದೆ. ಟೈಪು ಮಾಡಿದ್ದು ನೆನಪಿಲ್ಲ. ಅದು ನನ್ನ ಊರಿನ ಮಾತು, ಹಾಗಾಗಿ ಆಟದ ನಿಯಮದ ಪ್ರಕಾರ ಅವಳು ಬರೆದದ್ದು. ಓದಿ ನಾನೇನು ಮಾಡಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. "ಥೂ, ಹಾಗೆಲ್ಲ ಬರೀಬೇಡ" ಎಂದೆ ಎಂದು ಒಂದು ಚಿತ್ರ ಕಣ್ಣ ಮುಂದೆ ಬರುತ್ತದೆ. ಅದು ನಡೆದದ್ದೋ, ಆಮೇಲೆ ನನ್ನ ಸಮಾಧಾನಕ್ಕೆ ನಾನೇ ಸೇರಿಸಿಕೊಂಡದ್ದೋ, ಆಣೆ ಮಾಡಿ ಹೇಳಲಾರೆ.

ಕೊನೆಗೆ ದೋಷ ಸರಿಪಡಿಸಿದ್ದು ನಾನು. ಪ್ರೋಗ್ರಾಂ ಶುರುವಾದೊಡನೆ, ಹೊರಗೆ ಬರೆಯುವುದೆಲ್ಲ ಯೂನಿಕೋಡಿನಲ್ಲೇ ಇರಲಿ, ಯಾರು ಓದುತ್ತಿದ್ದಾರೆ ಎಂದು ನೋಡಬೇಡ ಎಂದು ಒಂದು ಸಾಲು ಸೇರಿಸಿದೆ. ಮೊದಲನೆಯದು ಸರಿಯಾಯಿತು, ಎರಡನೆಯ ಪ್ರೋಗ್ರಾಂ ಎಡವತೊಡಗಿತು. ಅದು ಇನ್ನೂ ಹಳೆಯ ಪಟ್ಟಿಯಲ್ಲೇ ಓದುತ್ತಿತ್ತು. ಕನ್ನಡದ ಸಾಲು ಕೊಟ್ಟರೆ, ತಲೆಯ ಮೇಲೆ ಓರೆ ಗೆರೆ ಹೊತ್ತ ಇಂಗ್ಲಿಷಿನ ಎ, ಅದರ ಹೆಗಲಿಗೊಂದು ಪುಟ್ಟ ಎರಡು, ಹೀಗೆ ಕಸ ಬರುತ್ತಿತ್ತು. ಒತ್ತಕ್ಷರವೋ ಕೊಂಬೋ ಬಂದರಂತೂ ಪ್ರೋಗ್ರಾಂ ಅಲ್ಲೇ ಸತ್ತುಬೀಳುತ್ತಿತ್ತು, ಏಕೆಂದರೆ ಆ ಸಂಖ್ಯೆಗಳಿಗೆ ಹಳೆಯ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

"ನಮ್ಮ ಒತ್ತಕ್ಷರ ಅದಕ್ಕ ಜೀರ್ಣ ಆಗವಲ್ದು ಅಕ್ಕಾ," ಎಂದಳು ಅವಳು.

"ಆಗೋ ಹಾಗೆ ಮಾಡೋಣ ತಾಳು," ಎಂದು ಓದುವ ಕಡೆಗೂ ಅಂಥದೇ ಒಂದು ಸಾಲು ಸೇರಿಸಿದೆ. ಎಲ್ಲ ಪರೀಕ್ಷೆಗಳೂ ಮತ್ತೆ ಓಡಿದವು. ತಂಡದ ಪುಟದಲ್ಲಿ ನಮ್ಮ ಹಳೆಯ ಸಾಲುಗಳೆಲ್ಲ ಒಂದರ ಕೆಳಗೊಂದು, ಒತ್ತು ಕೊಂಬು ಸಮೇತ, ಮುತ್ತಿನಂತೆ ಬಂದು ನಿಂತವು.

ನನಗೆ ಆ ಕ್ಷಣ ಬರೀ ಸಂತೋಷ. ಪರದೇಶದ ಒಂದು ಯಂತ್ರದ ಎರಡೂ ತುದಿಗಳನ್ನು ನನ್ನ ಭಾಷೆ ಸುಖವಾಗಿ ದಾಟಿತ್ತು. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು.

"ಅಯ್ಯೋ, ಇವನ್ನೆಲ್ಲ ತೆಗೀಬೇಕು ಕಣೇ. ಎಲ್ಲರಿಗೂ ಕಾಣ್ತಿದೆ."

"ಇರ್ಲಿ ಬಿಡ್ರಿ ಅಕ್ಕಾ. ಓದಾಕ ಯಾರ ಅದಾರ ಇಲ್ಲಿ? ನಾವಿಬ್ರ ಅಲ್ಲೇನು?"

ಬಿಟ್ಟೆ. ಹಾಗೆ ಹೇಳಿದ್ದು ಅವಳೇ ಎಂಬುದರಲ್ಲಿ ನನಗೆ ಸಂಶಯವಿಲ್ಲ, ಅಥವಾ ಇರಬಾರದೆಂದು ಬಯಸುತ್ತೇನೆ. ಮಾರನೆಯ ದಿನ ಮೀಟಿಂಗಿನಲ್ಲಿ ಮ್ಯಾನೇಜರ್ ಆ ಪುಟ ತೆರೆದು, "ಇದು ತಮಿಳಾ?" ಎಂದು ಕೇಳಿದರು. ಅಲ್ಲ, ಕನ್ನಡ ಎಂದೆ. "ಚೆಂದ ಲಾ," ಎಂದರು, ಇಲ್ಲಿಯವರ ಧಾಟಿಯಲ್ಲಿ. ಕೆಲವು ದಿನಗಳಲ್ಲಿ ಅವರ ತಾಯಿ ತೀರಿಕೊಂಡರು. ಕೋವಿಡ್ ಎಂದು ಆಗ ಗೊತ್ತಾಯಿತು. ಕೊನೆಗೆ ಮುಖ ನೋಡಲೂ ಬಿಟ್ಟಿರಲಿಲ್ಲವಂತೆ. ಅವರು ರಜೆಯಲ್ಲಿದ್ದಾಗಲೇ ಕಂಪನಿಯಿಂದ ಇನ್ನೊಂದು ಸುದ್ದಿ ಬಂತು. ನಮ್ಮಿಬ್ಬರ ಕರಾರುಗಳೂ ಆ ವರ್ಷ ಮುಗಿಯುತ್ತಿದ್ದವು. ಒಂದನ್ನು ಮಾತ್ರ ಮುಂದುವರಿಸುತ್ತಾರೆ, ಯಾರದ್ದೆಂದು ಮ್ಯಾನೇಜರ್ ಬಂದು ನಿರ್ಧರಿಸುತ್ತಾರೆ ಎಂದು.

ಅವಳ ಕೆಲಸ ಹೋದರೆ ವೀಸಾ ಹೋಗುತ್ತಿತ್ತು. ಗಡಿ ಮುಚ್ಚಿದ್ದ ದಿನಗಳು, ವಿಮಾನ ಯಾವಾಗಲೋ ಒಂದು. ನನಗೂ ಕೆಲಸ ಬೇಕಿತ್ತು. ಮಗಳ ಶಾಲೆ ಇತ್ತು, ಗಂಡನ ಸಂಬಳ ಕಡಿತವಾಗಿತ್ತು. ನಾವಿಬ್ಬರೂ ಆ ವಿಷಯ ನೇರವಾಗಿ ಮಾತಾಡಲಿಲ್ಲ. ಒಮ್ಮೆ ಮಾತ್ರ ನಾನು, "ಯಾರಿಗೆ ಸಿಕ್ಕಿದ್ರೂ ಇನ್ನೊಬ್ಬರು ಬೇಜಾರು ಮಾಡ್ಕೋಬಾರ್ದು ಕಣೇ," ಎಂದೆ. "ಹೌದ್ರಿ ಅಕ್ಕಾ," ಎಂದಳು. ಕರೆ ತೆರೆದೇ ಇತ್ತು. ಫ್ಯಾನಿನ ಸದ್ದು ಕೇಳುತ್ತಿತ್ತು.

ಮ್ಯಾನೇಜರ್ ರಜೆ ಮುಗಿಸಿ ಬಂದು ಒಬ್ಬೊಬ್ಬರೊಡನೆ ಪ್ರತ್ಯೇಕವಾಗಿ ಮಾತಾಡಿದರು. ಅವಳ ಸರದಿ ನನಗಿಂತ ಮೊದಲು. ನನ್ನ ಸರದಿ ಬಂದಾಗ ಅವರು ಕ್ಯಾಮೆರಾ ಹಾಕಿದ್ದರು. ಇಳಿದುಹೋಗಿದ್ದರು. ನಾನು ತಾಯಿಯ ವಿಷಯಕ್ಕೆ ಎರಡು ಮಾತು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಒಂದು ವಾಕ್ಯ ಓದ್ತೀನಿ, ಕೇಳಿ," ಎಂದರು ಇಂಗ್ಲಿಷಿನಲ್ಲಿ. ಓದಿದರು. ಆ ಸಾಲಿನ ಇಂಗ್ಲಿಷ್ ಅನುವಾದ. ಕೊನೆಯ "ಕಣೇ" ಒಂದು ಬಿಟ್ಟು ಎಲ್ಲವೂ ಅದರಲ್ಲಿತ್ತು. ನೂರಾರು ಸಾಲುಗಳಿದ್ದವು ಆ ಪುಟದಲ್ಲಿ, ಪೈಜಾಮ, ಬೆಕ್ಕು, ಬಸ್ಸಾರು. ಅವರ ಕೈಗೆ ಬಂದದ್ದು ಇದೊಂದೇ.

"ಇದು ನಾನು ಬರೆದದ್ದಲ್ಲ," ಎಂದೆ.

"ಅವಳೂ ಅದನ್ನೇ ಹೇಳಿದಳು. ತಾನು ಬರೆದದ್ದಲ್ಲ ಅಂತ."

"ಯಾರು ಅನುವಾದ ಮಾಡಿ ಕೊಟ್ಟರು?"

"ನಿಮ್ಮಿಬ್ಬರಿಗೇ ತಾನೇ ಈ ಭಾಷೆ ಬರೋದು? ನೀವಂತೂ ಹೇಳಲಿಲ್ಲ." ಆಮೇಲೆ, "ನಿಮ್ಮ ಕೆಲಸದಲ್ಲಿ ನನಗೆ ದೂರಿಲ್ಲ. ಆದರೆ ಆ ದಿನಗಳಲ್ಲಿ ನಾನು ಎಲ್ಲಿಗೆ ಎದ್ದುಹೋಗ್ತಿದ್ದೆ ಅಂತ ನಿಮಗೆ ಈಗ ಗೊತ್ತು," ಎಂದರು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ.

ಅವಳು ಬರೆದಳು ಎಂದು ನಾನು ಹೇಳಲಿಲ್ಲ. ಅದನ್ನು ಒಳ್ಳೆಯತನ ಎಂದು ಬರೆದುಕೊಳ್ಳುವ ಆಸೆಯಾಗುತ್ತದೆ. ನಿಜವೆಂದರೆ ಹೇಳಿದರೂ ನಂಬುವಂತಿರಲಿಲ್ಲ. ಅದು ಮೈಸೂರಿನ ಮಾತು, ನಾನು ಮೈಸೂರಿನವಳು. ಒಬ್ಬರನ್ನೊಬ್ಬರು ಅಣಕಿಸಿ ಬರೆಯುವ ಆಟವಿತ್ತು ಎಂದು ತಾಯಿಯನ್ನು ಕಳೆದುಕೊಂಡವರ ಮುಂದೆ ವಿವರಿಸುವುದು ಹೇಗೆ?

ಕರೆ ಮುಗಿದೊಡನೆ ಅವಳನ್ನು ಕರೆದೆ. ಅವಳ ಕ್ಯಾಮೆರಾ ಆರಿತ್ತು.

"ಆ ಸಾಲು ನೀನು ಬರೆದದ್ದಲ್ವೇನೇ?"

"ಯಾವುದ್ರಿ?"

"ಯಾವುದು ಅಂತ ನಿನಗೆ ಗೊತ್ತು."

"ಅದನ್ನ ನೀವ ಬರದಿದ್ರಿ ಅಕ್ಕಾ," ಎಂದಳು, ಮೆತ್ತಗೆ, ಮರೆತವರಿಗೆ ನೆನಪಿಸುವ ದನಿಯಲ್ಲಿ. "ನಿಮಗ ನೆನಪಿಲ್ಲೇನು? ಮೀಟಿಂಗಿಗೆ ತಡ ಆಗಿತ್ತು, ನಿಮಗ ಸಿಟ್ಟ ಬಂದಿತ್ತು."

ಸಿಟ್ಟು ಬಂದಿದ್ದು ನಿಜ. ಆ ಒಂದು ನಿಜದಿಂದ ಉಳಿದದ್ದೂ ನಿಜದಂತೆ ಕೇಳಿಸಿತು. ನನ್ನ ಬೆರಳುಗಳನ್ನೇ ನೋಡುತ್ತ ಕೂತೆ. ನೆನಪಿನ ಮೇಲೆ ನನಗೆ ಭರವಸೆ ಇಲ್ಲವೆಂದು ಅವಳಿಗೆ ಹೇಳಿದ್ದವಳು ನಾನೇ. ದಿನಚರಿ ಯಾಕೆ ಬರೀತೀರಿ ಅಕ್ಕಾ ಎಂದು ಅವಳು ಒಮ್ಮೆ ಕೇಳಿದ್ದಾಗ ಹೇಳಿದ್ದೆ. ಗೆಳತಿಗೆ ಹೇಳುವಂತೆ ಹೇಳಿದ್ದೆ.

"ಹಾಗಿದ್ರೆ ಬೇರೆ ಸಾಲು ಯಾವುದೂ ಅವರಿಗೆ ಓದಿ ಹೇಳಲಿಲ್ವಲ್ಲ ನೀನು. ಅದೊಂದೇ ಯಾಕೆ?"

ಉತ್ತರಕ್ಕೆ ಕಾಯದೆ ನಾನು ಕರೆ ನಿಲ್ಲಿಸಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ತೆರೆದಿರುತ್ತಿದ್ದ ಕರೆ ಆಮೇಲೆ ತೆರೆಯಲಿಲ್ಲ.

ಕರಾರು ಅವಳದು ಮುಂದುವರಿಯಿತು. ಹೋಗುವ ಮುಂಚೆ ನನ್ನ ಕೆಲಸವನ್ನೆಲ್ಲ ಅವಳಿಗೇ ಒಪ್ಪಿಸಬೇಕಿತ್ತು. ತಂಡದ ಇನ್ನಿಬ್ಬರು ಇದ್ದುದರಿಂದ ಇಂಗ್ಲಿಷಿನಲ್ಲಿ ಮಾತಾಡಿದೆವು. ಓದುವ ಕಡೆ ಈ ಸಾಲು ಯಾಕೆ, ಬರೆಯುವ ಕಡೆ ಈ ಸಾಲು ಯಾಕೆ, ತೆಗೆದರೆ ಏನಾಗುತ್ತದೆ ಎಂದು ಒಂದೊಂದಾಗಿ ವಿವರಿಸಿದೆ. ಅವಳು ಗೊತ್ತಿಲ್ಲದವಳಂತೆ ಕೇಳಿಸಿಕೊಂಡಳು. "ಥ್ಯಾಂಕ್ಯೂ, ವೆರಿ ಕ್ಲಿಯರ್," ಎಂದಳು. ಪರೀಕ್ಷೆಯ ಸಾಲುಗಳ ಜಾಗದಲ್ಲಿ ಯಾರೋ ಅಷ್ಟರಲ್ಲಿ ಚೀನೀ ಊರುಗಳ ಹೆಸರು ತುಂಬಿಸಿದ್ದರು.

ನಾನು ಗಂಡನ ಅವಲಂಬಿತಳಾಗಿ ನಿಲಾಯ್‌ನಲ್ಲೇ ಉಳಿದೆ. ಆ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಆ ತಿಂಗಳುಗಳಲ್ಲಿ ಕೆಲಸ ಹೋದದ್ದಕ್ಕಿಂತ ಬೇರೆ ಒಂದು ನನ್ನನ್ನು ಹೆಚ್ಚು ಕೊರೆಯುತ್ತಿತ್ತು. ಈ ಊರಿನಲ್ಲಿ ಒಬ್ಬ ಮನುಷ್ಯ, ತಾಯಿಯನ್ನು ನೆನೆಸಿಕೊಂಡಾಗಲೆಲ್ಲ, ಆಕೆ ಸಾಯುತ್ತಿದ್ದಾಗ ಅಣಕವಾಡಿದ ಒಬ್ಬ ಹೆಂಗಸನ್ನೂ ನೆನೆಸಿಕೊಳ್ಳುತ್ತಾನೆ. ಆ ಹೆಂಗಸಿಗೆ ನನ್ನ ಮುಖವಿದೆ. ಗಂಡನಿಗೆ ಹೇಳಿದಾಗ, "ನೀನು ಬರೆದಿಲ್ಲ ತಾನೇ? ಮತ್ಯಾಕೆ ಚಿಂತೆ?" ಎಂದರು. ಇಲ್ಲ ಎಂದೆ. ಅಷ್ಟು ಬೇಗ ಇಲ್ಲ ಎಂದದ್ದಕ್ಕೆ ಮತ್ತೆ ನನ್ನ ಮೇಲೇ ಅನುಮಾನ.

ನಿರ್ಬಂಧಗಳು ಸಡಿಲವಾಗಿ ರೈಲು ಹತ್ತಬಹುದೆಂದಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಭಾರತೀಯರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಸಾಮಾನಿಗೆ ಹೋಗಿದ್ದೆ. ಅಂಗಡಿಯಲ್ಲಿ ತಮಿಳಿನವರ ಗದ್ದಲದ ನಡುವೆ ಹಿಂದಿನಿಂದ "ಅಕ್ಕಾ" ಎಂದು ಕೇಳಿಸಿತು. ತಿರುಗುವ ಮೊದಲೇ ಗೊತ್ತಾಯಿತು. ಮಾಸ್ಕಿನ ಮೇಲೆ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಅವು ನಗುತ್ತಿದ್ದವು.

"ಆರಾಮ ಅದೀರಿ? ಮಗಳ ಸಾಲಿ ಶುರು ಆತೇನು?"

"ಆಯ್ತು."

"ಕೊಡ್ರಿ ಇಲ್ಲೆ," ಎಂದು ನನ್ನ ಕೈಯಿಂದ ಅಕ್ಕಿ, ಬೇಳೆಯ ಚೀಲವನ್ನು ತೆಗೆದುಕೊಂಡಳು. ಅಕ್ಕನ ಕೈಯಲ್ಲಿ ಭಾರ ಇರಬಾರದು ಎಂಬಂತೆ, ಕೇಳದೆಯೇ. ನಾನು ಕೊಟ್ಟೆ. ಯಾಕೆ ಕೊಟ್ಟೆ ಎಂದು ಗೊತ್ತಿಲ್ಲ. ಸ್ಟೇಷನ್ನಿನ ಕಡೆಗೆ ಇಬ್ಬರೂ ನಡೆದೆವು. ಹೂವಿನ ಅಂಗಡಿಗಳು ತೆರೆದಿದ್ದವು. ಅವಳು ಆಫೀಸಿನ ಸುದ್ದಿ ಹೇಳುತ್ತಿದ್ದಳು, ಯಾರು ಬಿಟ್ಟರು, ಯಾರು ಸೇರಿದರು. ಮ್ಯಾನೇಜರರ ಹೆಸರು ಎತ್ತಲಿಲ್ಲ. ರಸ್ತೆ ದಾಟಲು ನಿಂತಾಗ ನಾನೇ ಕೇಳಿದೆ.

"ಅವರಿಗೆ ನಾನು ಬರೆದೆ ಅಂತ ಯಾಕೆ ಹೇಳಿದೆ?"

ಅವಳು ಗಾಡಿಗಳನ್ನು ನೋಡುತ್ತಿದ್ದಳು. ಬಹಳ ದಿನದಿಂದ ಸಿದ್ಧವಾಗಿದ್ದ ಉತ್ತರದಂತೆ ಬಂತು.

"ನಿಮಗ ಮಾಮಾರ ವೀಸಾ ಇತ್ತಲ್ರಿ ಅಕ್ಕಾ. ನನಗ ಏನಿತ್ತು?"

ನೀವೇ ಬರೆದಿದ್ದಿರಿ ಎಂದು ಈ ಸಲ ಹೇಳಲಿಲ್ಲ. ಇದನ್ನು ನಾನು ಮನೆಗೆ ಹೋಗಿ ಅಲ್ಲ, ರೈಲಿನಲ್ಲೇ ಫೋನಿನಲ್ಲಿ ಬರೆದುಕೊಂಡೆ, ಮಾತು ಇನ್ನೂ ಕಿವಿಯಲ್ಲಿದ್ದಾಗಲೇ. ಹಾಗಾಗಿ ಇಷ್ಟರ ಮಟ್ಟಿಗೆ ನಂಬಬಹುದು. ಅವಳು ಅಂದಾಗ ದನಿಯಲ್ಲಿ ಪಶ್ಚಾತ್ತಾಪವಿರಲಿಲ್ಲ, ಗೆಲುವೂ ಇರಲಿಲ್ಲ. ನಮ್ಮಿಬ್ಬರ ನಡುವೆ ಯಾವತ್ತೋ ಒಪ್ಪಿಗೆಯಾಗಿದ್ದ ಒಂದು ಲೆಕ್ಕದಂತೆ ಹೇಳಿದಳು, ಅಕ್ಕನಾದವಳು ಅಷ್ಟು ಬಿಟ್ಟುಕೊಡುವುದು ಸಹಜ ಎಂಬಂತೆ. ಕೆಲಸವನ್ನು ಬಾಯಿಬಿಟ್ಟು ಕೇಳಿದ್ದರೆ ಕೊಡುತ್ತಿದ್ದೆನೇ? ಗೊತ್ತಿಲ್ಲ. ಬಹುಶಃ ಕೊಡುತ್ತಿರಲಿಲ್ಲ. ಆದರೆ ಅವಳು ತೆಗೆದುಕೊಂಡದ್ದು ಕೆಲಸವೊಂದನ್ನೇ ಅಲ್ಲ. ನನಗೇ ನನ್ನ ಮೇಲೆ ಇದ್ದ ಅಷ್ಟಿಷ್ಟು ನಂಬಿಕೆಯನ್ನೂ. ಅದನ್ನೂ ತೆಗೆದುಕೊಂಡಿದ್ದೇನೆ ಎಂದು ಕೂಡ ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ಸಿಗ್ನಲ್ ಹಸಿರಾಯಿತು. ಅವಳು ಹೆಜ್ಜೆ ಮುಂದಿಟ್ಟಳು.

"ಚೀಲ ಕೊಡು," ಎಂದೆ.

"ಭಾರ ಐತಿ ಅಕ್ಕಾ, ಸ್ಟೇಷನ್ ತನಕಾ ಹಿಡೀತೀನಿ ತಗೋರಿ."

"ಕೊಡು."

ಕೊಟ್ಟಳು. ನಿಜಕ್ಕೂ ಭಾರವಿತ್ತು. ಕೈ ಬದಲಿಸಿಕೊಂಡು ನಾನು ರಸ್ತೆ ದಾಟಿದೆ.